ಕೊಠಡಿ ಪುಸ್ತಕ ಹಿಡಿದು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿದ್ದು

ವಸತಿ ಕಾಲೇಜೊಂದರಲ್ಲಿ ಬೋಧಕನಾಗಿ, ಅದರ ಜೊತೆಗೆ ಹಲವು ವರ್ಷ ವಾರ್ಡನ್ ಆಗಿ ಕೆಲಸ ಮಾಡಿದ ನನಗೆ ಹಳೆಯ ವಿದ್ಯಾರ್ಥಿಗಳ ಸಾಧನೆಯನ್ನು ದಾಖಲಿಸುವ ಮತ್ತು ಅವರನ್ನು ಕರೆಸಿ ಅಭಿನಂದಿಸುವ ಕಾರ್ಯಕ್ರಮದ ಹೊಣೆ ಬಂದಾಗ, ಆಧಾರವೆಂದು ಕೈಗೆ ಸಿಕ್ಕದ್ದು ಹಿಂದಿನವರು ಸಿದ್ಧಪಡಿಸಿಟ್ಟಿದ್ದ ಒಂದು ಪಟ್ಟಿ ಮಾತ್ರ. ಹೆಸರು, ಬ್ಯಾಚು, ಈಗಿನ ಹುದ್ದೆ ಎಂಬ ಮೂರು ಕಾಲಂಗಳ ಆ ಪಟ್ಟಿಯಲ್ಲಿ ಹಿರಿಯ ಅಧಿಕಾರಿಗಳು, ವೈದ್ಯರು, ಕಂಪನಿಗಳ ಮೇಲಿನ ಸ್ತರದವರು ತುಂಬಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮನೆ ಬಿಟ್ಟು ಬಂದ ಹುಡುಗರೂ ಹುಡುಗಿಯರೂ ವರ್ಷಗಟ್ಟಲೆ ಜೊತೆಯಾಗಿ ಉಂಡು, ಓದಿ, ಜಗಳವಾಡಿ ಬೆಳೆದ ಸಂಸ್ಥೆಯೊಂದರ ಪಟ್ಟಿ ಅದೆಂದು ಯಾವ ಸಾಲಿನಿಂದಲೂ ಗೊತ್ತಾಗುತ್ತಿರಲಿಲ್ಲ. ತಲೆಬರಹ ಬದಲಿಸಿದರೆ ಬೇರೆ ಯಾವ ಕಾಲೇಜಿಗಾದರೂ ಅದು ಸಲ್ಲುತ್ತಿತ್ತು.

ಇಂಥ ಪಟ್ಟಿಗಳು ಬೆಳೆಯುವ ದಾರಿಯೇ ಹಾಗಿದೆ. ಸಂಸ್ಥೆಯೊಡನೆ ಸಂಪರ್ಕ ಉಳಿಸಿಕೊಂಡವರು, ಬಡ್ತಿಯ ಸುದ್ದಿಯನ್ನು ತಾವೇ ತಿಳಿಸುವವರು, ಪತ್ರಿಕೆಯಲ್ಲಿ ಭಾವಚಿತ್ರ ಬಂದವರು ಸೇರುತ್ತ ಹೋಗುತ್ತಾರೆ; ಉಳಿದವರು ಇದ್ದಾರೋ ಇಲ್ಲವೋ ಎಂಬುದೂ ಕಚೇರಿಗೆ ತಿಳಿಯುವುದಿಲ್ಲ. ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ನಿಮ್ಮ ಸಾಧನೆಗಳನ್ನು ಕಳುಹಿಸಿಕೊಡಿ’ ಎಂದು ಕೇಳಿದರೂ ಫಲ ಬೇರೆಯಾಗುವುದಿಲ್ಲ. ಸಂಕೋಚವಿಲ್ಲದವರು ಎರಡು ಪುಟ ಬರೆದು ಕಳುಹಿಸುತ್ತಾರೆ, ಸಂಕೋಚದವರು ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾಗುತ್ತಾರೆ.

ನಾನು ಹಿಡಿದ ದಾರಿ ಹಾಸ್ಟೆಲಿನ ಕೊಠಡಿ ಹಂಚಿಕೆ ಪುಸ್ತಕದಿಂದ ಶುರುವಾಯಿತು. ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ಹೆಸರು, ಜನ್ಮದಿನಾಂಕ, ಪೋಷಕರ ಹೆಸರು, ಹಿಂದಿನ ಪರೀಕ್ಷೆಯ ಅಂಕಗಳು ಇರುತ್ತವೆ. ಒಬ್ಬ ವಿದ್ಯಾರ್ಥಿಯನ್ನು ಗುರುತಿಸಲು ಅಷ್ಟು ಸಾಕು. ಆದರೆ ಅವನನ್ನು ಬಲ್ಲವರು ಯಾರು ಎಂಬುದು ಅದರಲ್ಲಿ ಇರುವುದಿಲ್ಲ. ಕೊಠಡಿ ಪುಸ್ತಕದಲ್ಲಿ ಅದು ಇರುತ್ತದೆ. ಒಂದು ಪುಟದಲ್ಲಿ ಕೊಠಡಿಯ ಸಂಖ್ಯೆಯ ಕೆಳಗೆ ನಾಲ್ಕು ಹೆಸರುಗಳು, ಪ್ರತಿಯೊಂದರ ಎದುರಿಗೆ ಮಂಚ, ಮೇಜು, ಬೀಗದ ಕೈ ಪಡೆದುದಕ್ಕೆ ಸಹಿ. ಮೂರನೆಯ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ‘ವರ್ಷದ ನಡುವೆ ಬಿಟ್ಟಿರುತ್ತಾನೆ, ಕೀಲಿ ಹಿಂದಿರುಗಿಸಿರುತ್ತಾನೆ’ ಎಂದು ಆಗಿನ ವಾರ್ಡನ್ ಬರೆದಿದ್ದರು. ಹೀಗೆ ಕೊಠಡಿಯೊಂದರ ನಾಲ್ವರಲ್ಲಿ ಒಬ್ಬರ ಪತ್ತೆ ಸಿಕ್ಕರೆ ಮಿಕ್ಕವರ ಪತ್ತೆ ಬಹುಪಾಲು ಸಿಗುತ್ತದೆ. ಒಂದೇ ತರಗತಿಯಲ್ಲಿ ಓದಿದವರು ಒಬ್ಬರನ್ನೊಬ್ಬರು ಮರೆಯಬಹುದು. ಜ್ವರ ಬಂದ ರಾತ್ರಿ ತಲೆಗೆ ಒದ್ದೆ ಬಟ್ಟೆ ಹಾಕಿದವರನ್ನು ಮರೆಯುವವರು ಕಡಿಮೆ.

ಹೆಸರು ಹೊಂದಿಸುವ ಕೆಲಸ ಬೇಸರದ್ದು, ಆದರೆ ಅದನ್ನು ಬಿಡುವಂತಿಲ್ಲ. ಮದುವೆಯ ನಂತರ ಹೆಸರು ಬದಲಿಸಿಕೊಂಡ ವಿದ್ಯಾರ್ಥಿನಿಯರು ಹಳೆಯ ಹೆಸರಿನಲ್ಲಿ ಎಲ್ಲಿಯೂ ಸಿಗುವುದಿಲ್ಲ, ಒಂದೇ ಹೆಸರಿನ ಇಬ್ಬರು ಒಂದೇ ಬ್ಯಾಚಿನಲ್ಲಿ ಇರುವುದೂ ಉಂಟು. ಆದ್ದರಿಂದ ಪ್ರತಿ ನಮೂದನ್ನೂ ದಾಖಲಾತಿ ಸಂಖ್ಯೆಗೆ ಕಟ್ಟಿ, ದಾಖಲೆಯಲ್ಲಿರುವ ಹೆಸರು ಮತ್ತು ಈಗಿನ ಹೆಸರನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆದುಕೊಂಡೆವು.

ಪತ್ತೆಯಾದವರನ್ನು ಮಾತನಾಡಿಸುವಾಗ ಅವರ ಸಾಧನೆಯನ್ನು ಅವರಿಂದಲೇ ಕೇಳುವುದನ್ನು ನಾವು ಕೈಬಿಟ್ಟೆವು. ‘ನಿಮ್ಮ ಕೊಠಡಿಯವರಲ್ಲಿ ಯಾರ ಕೆಲಸವನ್ನು ಇಲ್ಲಿನ ಈಗಿನ ಮಕ್ಕಳು ತಿಳಿಯಬೇಕು, ಏಕೆ?’ ಎಂಬುದು ನಮ್ಮ ಪ್ರಶ್ನೆಯಾಗಿತ್ತು. ಈ ಒಂದು ಬದಲಾವಣೆಯಿಂದ ಸಿಕ್ಕ ಹೆಸರುಗಳು ಹಳೆಯ ಪಟ್ಟಿಯ ಹೆಸರುಗಳಿಗಿಂತ ಬಹುಮಟ್ಟಿಗೆ ಭಿನ್ನವಾಗಿದ್ದವು. ಹಳೆಯ ಪಟ್ಟಿಯಲ್ಲಿ ‘ಶಿಕ್ಷಕಿ’ ಎಂದಷ್ಟೇ ಇದ್ದ ಒಬ್ಬರ ಬಗ್ಗೆ ಅವರ ಜೊತೆಗಾತಿ ಅರ್ಧ ಗಂಟೆ ಮಾತನಾಡಿದರು. ಆ ಶಿಕ್ಷಕಿ ದೃಷ್ಟಿಯಿಲ್ಲದ ಮಕ್ಕಳಿಗೆ ಗಣಿತ ಕಲಿಸುತ್ತಾರೆ. ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿಯಲ್ಲಿ, ಒಂದು ಅಕ್ಷರದ ಜಾಗವಾದ ಮನೆಯೊಂದರ 6 ಉಬ್ಬು ಚುಕ್ಕಿಗಳಿಂದ 63 ಸಂಕೇತಗಳಷ್ಟೇ ಹುಟ್ಟುತ್ತವೆ. ಅಕ್ಷರ, ಅಂಕಿ, ವಿರಾಮಚಿಹ್ನೆಗಳೆಲ್ಲ ಅವುಗಳಲ್ಲೇ ಅಡಗಬೇಕು. ಕಾಗದದ ಮೇಲೆ ಅಂಶವನ್ನು ಮೇಲೆ, ಛೇದವನ್ನು ಕೆಳಗೆ ಬರೆದು ನಡುವೆ ಗೆರೆ ಎಳೆಯುವ ಭಿನ್ನರಾಶಿಯನ್ನು ಬ್ರೈಲ್‌ನಲ್ಲಿ ಒಂದೇ ಸಾಲಿನಲ್ಲಿ, ಆರಂಭ ಮತ್ತು ಮುಕ್ತಾಯದ ಗುರುತುಗಳೊಡನೆ ಬಿಡಿಸಿ ಬರೆಯಬೇಕಾಗುತ್ತದೆ. ತ್ರಿಭುಜವನ್ನೋ ವೃತ್ತವನ್ನೋ ಬೆರಳಿಗೆ ತಾಗುವಂತೆ ದಪ್ಪ ಕಾಗದದಲ್ಲಿ ಉಬ್ಬಿಸಿ ತೋರಿಸಬೇಕು. ಆಕೆ ಈ ಉಬ್ಬುಚಿತ್ರಗಳನ್ನು ವರ್ಷಗಳಿಂದ ತಾವೇ ತಯಾರಿಸಿ ಬೇರೆ ಶಾಲೆಗಳಿಗೂ ಕೊಡುತ್ತ ಬಂದಿದ್ದರು. ನಾವು ಫೋನ್ ಮಾಡಿದಾಗ ‘ನನ್ನದೇನು ಸಾಧನೆ ಸಾರ್, ಪಾಠ ಮಾಡುತ್ತೇನೆ’ ಎಂದಷ್ಟೇ ಹೇಳಿದರು.

ಯಾರನ್ನು ‘ಹಳೆಯ ವಿದ್ಯಾರ್ಥಿ’ ಎನ್ನಬೇಕು ಎಂಬ ಬಗ್ಗೆ ಸಮಿತಿಯಲ್ಲಿ ಸಾಕಷ್ಟು ಚರ್ಚೆಯಾಯಿತು. ಪದವಿ ಪಡೆದು ಹೋದವರು ಮಾತ್ರ ಎಂದು ಕೆಲವರು ವಾದಿಸಿದರು. ನನ್ನ ಅಭಿಪ್ರಾಯ ಬೇರೆ. ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಬಿದ್ದವರೂ ಇಲ್ಲಿ ಬಾಳಿದವರೇ. ಶ್ರೀನಿವಾಸ ರಾಮಾನುಜನ್ 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ವಿದ್ಯಾರ್ಥಿವೇತನದೊಡನೆ ಸೇರಿ, ಗಣಿತ ಬಿಟ್ಟು ಬೇರೆ ವಿಷಯಗಳನ್ನು ಓದದ ಕಾರಣಕ್ಕೆ ಆ ವೇತನವನ್ನು ಕಳೆದುಕೊಂಡರು, ಮದರಾಸಿನ ಇನ್ನೊಂದು ಕಾಲೇಜಿಗೆ ಸೇರಿಯೂ ಪದವಿಗೆ ಮುಂಚಿನ ಹಂತವಾದ ಎಫ್.ಎ. ಪರೀಕ್ಷೆ ಪಾಸಾಗಲಿಲ್ಲ. ಪಾಸಾದವರನ್ನು ಮಾತ್ರ ಎಣಿಸುವ ನಿಯಮವಿದ್ದರೆ 1918ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಯ ಫೆಲೋ ಆದ ಆ ವ್ಯಕ್ತಿ ಆ ಕಾಲೇಜುಗಳ ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಒಂದು ಅವಧಿಯನ್ನಾದರೂ ಹಾಸ್ಟೆಲಿನಲ್ಲಿ ಕಳೆದವರೆಲ್ಲರೂ ನಮ್ಮವರು ಎಂದು ತೀರ್ಮಾನವಾಯಿತು.

ಇದರ ಜೊತೆಗೆ ಮತ್ತೊಂದು ಎಚ್ಚರಿಕೆಯೂ ಬೇಕಾಯಿತು. ಸೇರಿಸಿಕೊಳ್ಳುವುದು ಬೇರೆ, ಅವರ ಸಾಧನೆಯ ಯಶಸ್ಸನ್ನು ನಾವು ಹೊತ್ತುಕೊಳ್ಳುವುದು ಬೇರೆ. 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ 1933ರಲ್ಲಿ ಪಿಎಚ್.ಡಿ. ಮುಗಿಸಿ, 1937ರಿಂದ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದುಡಿದವರು. ಮೂರೂ ಕಡೆಯವರು ಅವರನ್ನು ನಮ್ಮವರು ಎನ್ನುತ್ತಾರೆ, ಮೂರೂ ನ್ಯಾಯವೇ. ನಮ್ಮ ಪುಸ್ತಿಕೆಯಲ್ಲಿ ಮಾತ್ರ ‘ನಮ್ಮ ಕಾಲೇಜಿನ ಕೊಡುಗೆ’ ಎಂಬ ಮಾತನ್ನು ಎಲ್ಲಿಯೂ ಬಳಸಬಾರದೆಂದು ನಿಶ್ಚಯಿಸಿ, ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ಯಾವ ವರ್ಷಗಳಲ್ಲಿ ಇಲ್ಲಿದ್ದರು, ಇಲ್ಲಿ ಏನು ಓದಿದರು ಎಂಬುದನ್ನಷ್ಟೇ ಬರೆದೆವು.

ಪರಿಶೀಲನೆಯ ಭಾಗವೇ ಅತಿ ಹೆಚ್ಚು ಸಮಯ ತಿಂದಿತು, ಅತಿ ಹೆಚ್ಚು ನಾಜೂಕನ್ನೂ ಬೇಡಿತು. ಅಭಿಮಾನದಿಂದ ಹೇಳುವ ಗೆಳೆಯರು ಸಹಜವಾಗಿ ಒಂದು ಮೆಟ್ಟಿಲು ಹೆಚ್ಚೇ ಹೇಳುತ್ತಾರೆ. ಪೇಟೆಂಟ್ ‘ಸಿಕ್ಕಿದೆ’ ಎಂದು ಹೇಳಿದ ಕಡೆ ಅರ್ಜಿ ಸಲ್ಲಿಕೆಯಾಗಿರುತ್ತದೆ, ಅಷ್ಟೇ. ಸಾಮಾನ್ಯವಾಗಿ ಅರ್ಜಿ ಸಲ್ಲಿಸಿ 18 ತಿಂಗಳ ನಂತರ ಅದು ಪ್ರಕಟವಾಗುತ್ತದೆ, ಆ ಪ್ರಕಟಣೆಯನ್ನೇ ಮಂಜೂರಾತಿಯೆಂದು ಭಾವಿಸುವವರು ಬಹಳ. ಪರೀಕ್ಷಣೆ ಮುಗಿದು ಮಂಜೂರಾಗುವುದು ಬೇರೆಯೇ ಹಂತ. ಸಂಶೋಧನಾ ಲೇಖನವಾದರೆ, ಆ ಲೇಖನವನ್ನು ಅಂತರಜಾಲದಲ್ಲಿ ಗುರುತಿಸುವ ಡಿಒಐ ಎಂಬ ಶಾಶ್ವತ ಸಂಖ್ಯೆಯನ್ನು ಕೇಳಿ ಪಡೆದೆವು. ಒಂದೇ ಹೆಸರಿನ ಹಲವು ಸಂಶೋಧಕರಿದ್ದಾಗ 2012ರಿಂದ ಬಳಕೆಯಲ್ಲಿರುವ ಆರ್ಕಿಡ್ ಎಂಬ 16 ಅಂಕಿಗಳ ಗುರುತು ಸಂಖ್ಯೆ ಗೊಂದಲವನ್ನು ನಿವಾರಿಸಿತು. ಕ್ರೀಡೆಯಲ್ಲಿ ಕೂಟದ ಮಟ್ಟ, ವರ್ಷ, ಸ್ಪರ್ಧೆ ಮೂರೂ ಬೇಕು. ‘ರಾಷ್ಟ್ರಮಟ್ಟದ ಆಟಗಾರ’ ಎಂಬ ಮಾತಿನಿಂದ ಭಾಗವಹಿಸಿದರೋ ಪದಕ ಗೆದ್ದರೋ ತಿಳಿಯುವುದಿಲ್ಲ. ಗೌರವ ಡಾಕ್ಟರೇಟನ್ನೂ ಪ್ರಬಂಧ ಬರೆದು ಪಡೆದ ಪಿಎಚ್.ಡಿ.ಯನ್ನೂ ಬೇರೆ ಬೇರೆಯಾಗಿಯೇ ನಮೂದಿಸಿದೆವು. ಹಣ ಕಟ್ಟಿಸಿಕೊಂಡು ಪ್ರಶಸ್ತಿ ಕೊಡುವ ಕಡೆಗಳಿಂದ ಬಂದ ಫಲಕಗಳ ವಿಷಯದಲ್ಲಿ ನಾನು ನಿಷ್ಠುರನಾದೆ. ಪ್ರಶಸ್ತಿಯ ಆಯ್ಕೆ ಸಮಿತಿ ಯಾವುದು, ಅರ್ಜಿ ಶುಲ್ಕವಿತ್ತೇ ಎಂದು ವಿಚಾರಿಸಿ, ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಪ್ರಶಸ್ತಿಯನ್ನು ಬಿಟ್ಟು ಅವರ ಕೆಲಸವನ್ನು ಮಾತ್ರ ಬರೆದೆವು. ಹೀಗೆ ಬಿಟ್ಟಾಗ ಅವರ ಪರಿಚಯ ಇನ್ನಷ್ಟು ಚೆನ್ನಾಗಿಯೇ ಆಯಿತೆಂಬುದು ಬೇರೆ ಮಾತು. ಯಾರಿಗೂ ಅನುಮಾನಪಟ್ಟಂತೆ ಅನಿಸಬಾರದೆಂದು ‘ಮುದ್ರಣಕ್ಕೆ ನಿಖರವಾದ ಹೆಸರೂ ವರ್ಷವೂ ಬೇಕು, ದಯವಿಟ್ಟು ಪ್ರಮಾಣಪತ್ರದ ಚಿತ್ರ ಕಳುಹಿಸಿ’ ಎಂಬ ಒಂದೇ ಒಕ್ಕಣೆಯನ್ನು ಎಲ್ಲರಿಗೂ, ಹೆಸರಾಂತರಿಗೂ, ಕಳುಹಿಸಿದೆವು.

ಒಪ್ಪಿಗೆಯನ್ನು ಬರಹದಲ್ಲಿ ಪಡೆದೆವು, ಅದೂ ಮೂರು ಭಾಗವಾಗಿ: ಮುದ್ರಿತ ಪುಸ್ತಿಕೆಗೆ, ವೇದಿಕೆಯ ಮೇಲಿನ ಪರಿಚಯಕ್ಕೆ, ಅಂತರಜಾಲಕ್ಕೆ. ಒಂದಕ್ಕೆ ಒಪ್ಪಿ ಇನ್ನೊಂದನ್ನು ಬೇಡವೆಂದವರು ಕಡಿಮೆಯಿರಲಿಲ್ಲ. ಕೆಲಸದ ಸ್ಥಳವನ್ನು ಹೆಸರಿಸಬೇಡಿ ಎಂದವರು, ಮಕ್ಕಳ ಚಿತ್ರ ಬೇಡವೆಂದವರು, ತಮ್ಮನ್ನು ಸೇರಿಸುವುದೇ ಬೇಡವೆಂದವರು ಎಲ್ಲರೂ ಇದ್ದರು; ಯಾರಿಂದಲೂ ಕಾರಣ ಕೇಳಲಿಲ್ಲ. ತೀರಿಕೊಂಡವರ ವಿಷಯದಲ್ಲಿ ಮನೆಯವರ ಮಾತನ್ನೇ ಅಂತಿಮವೆಂದು ಇಟ್ಟುಕೊಂಡೆವು.

ಪರಿಚಯ ಬರೆಯುವ ರೀತಿಗೂ ಒಂದು ನಿಯಮವಿತ್ತು. ಮೊದಲು ಬಂದ ಕರಡುಗಳಲ್ಲಿ ‘ಬಹುಮುಖ ಪ್ರತಿಭೆ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಅವಿರತ ಶ್ರಮದ ಫಲವಾಗಿ ಉನ್ನತ ಸ್ಥಾನಕ್ಕೇರಿದ’ ಎಂಬ ಮಾತುಗಳೇ ತುಂಬಿದ್ದವು. ಒಬ್ಬರ ಹೆಸರು ತೆಗೆದು ಇನ್ನೊಬ್ಬರದನ್ನು ಹಾಕಿದರೂ ಓದುಗರಿಗೆ ವ್ಯತ್ಯಾಸ ತಿಳಿಯದು. ಗುಣವಾಚಕಗಳನ್ನೆಲ್ಲ ತೆಗೆದು, ಈ ವ್ಯಕ್ತಿ ಬೆಳಗ್ಗೆ ಕೆಲಸಕ್ಕೆ ಹೋಗಿ ಏನು ಮಾಡುತ್ತಾರೆ ಎಂಬುದನ್ನು ಮೊದಲ ಎರಡು ವಾಕ್ಯಗಳಲ್ಲಿ ಹೇಳಬೇಕೆಂದು ಬರೆಯುವವರಿಗೆ ತಿಳಿಸಿದೆವು. ‘ಖ್ಯಾತ ಜಲತಜ್ಞ’ ಎಂದಿದ್ದದ್ದು ‘ಬಾವಿಗಳ ನೀರಿನ ಮಟ್ಟವನ್ನು ಮಳೆಗಾಲದ ಮುನ್ನ ಮತ್ತು ನಂತರ ಅಳೆದು, ಎಷ್ಟು ನೀರು ಭೂಮಿಗೆ ಇಂಗಿತೆಂದು ಲೆಕ್ಕ ಹಾಕುತ್ತಾರೆ’ ಎಂದಾಯಿತು. ತಂಡದ ಕೆಲಸವಾದರೆ ತಂಡದಲ್ಲಿ ಇವರ ಪಾಲು ಯಾವುದು ಎಂಬುದನ್ನು ಸ್ಪಷ್ಟವಾಗಿ ಬರೆದೆವು; ಇದನ್ನು ಹೆಚ್ಚು ಮೆಚ್ಚಿದವರು ಸ್ವತಃ ಆ ತಂಡಗಳಲ್ಲಿ ದುಡಿದವರೇ.

ಕಾರ್ಯಕ್ರಮದ ದಿನ ಮುಖ್ಯ ಅತಿಥಿಯ ಭಾಷಣ ಇಡಲಿಲ್ಲ. ಪ್ರತಿಯೊಬ್ಬರನ್ನೂ ಅವರ ಕೊಠಡಿಯವರೇ ಆರು ನಿಮಿಷದೊಳಗೆ ಪರಿಚಯಿಸಬೇಕೆಂದು ಕೋರಿದೆವು, ಗಂಟೆ ಬಾರಿಸಲು ಹಾಸ್ಟೆಲಿನ ಕಿರಿಯ ವಿದ್ಯಾರ್ಥಿನಿಯೊಬ್ಬಳನ್ನು ಕೂರಿಸಿದೆವು. ಆಕೆ ಹಿರಿಯರೆಂದು ಯಾರಿಗೂ ವಿನಾಯಿತಿ ತೋರಿಸಲಿಲ್ಲ. ದೇಣಿಗೆಯ ಮನವಿಯನ್ನು ಆ ದಿನ ಮಾಡಕೂಡದೆಂದು ನಾನು ಹಟ ಹಿಡಿದಿದ್ದೆ; ಹೊಗಳಿದ ಬೆನ್ನಿಗೇ ಹಣ ಕೇಳಿದರೆ ಹೊಗಳಿಕೆಯೂ ಬೆಲೆ ಕಳೆದುಕೊಳ್ಳುತ್ತದೆ, ಬಂದವರಿಗೂ ಮುಜುಗರವಾಗುತ್ತದೆ. ಮಧ್ಯಾಹ್ನದ ನಂತರ ಬಂದವರನ್ನು ಅವರವರ ಹಳೆಯ ಕೊಠಡಿಗಳಿಗೇ ಕಳುಹಿಸಿ, ಈಗ ಅಲ್ಲಿ ವಾಸವಿರುವವರೊಡನೆ ಮಾತನಾಡಲು ಬಿಟ್ಟೆವು. ಅಧ್ಯಾಪಕರು ಆ ಕಡೆ ಸುಳಿಯಬಾರದೆಂಬ ಷರತ್ತೂ ಇತ್ತು. ವಿದ್ಯಾರ್ಥಿಗಳು ಕೇಳಿದ್ದು ಹುದ್ದೆ ಸಂಬಳಗಳ ವಿಷಯವನ್ನಲ್ಲವೆಂದು ಬಂದವರು ಆಮೇಲೆ ಹೇಳಿದರು. ಮೊದಲ ವರ್ಷ ಮನೆಗೆ ಹಿಂದಿರುಗಬೇಕೆನಿಸಿತ್ತೇ, ಫೇಲಾದಾಗ ಮನೆಯಲ್ಲಿ ಹೇಗೆ ಹೇಳಿದಿರಿ, ಜೊತೆಯವನೊಡನೆ ಮಾತು ಬಿಟ್ಟಾಗ ಒಂದೇ ಕೊಠಡಿಯಲ್ಲಿ ಹೇಗೆ ಇದ್ದಿರಿ ಎಂಬ ಪ್ರಶ್ನೆಗಳೇ ಹೆಚ್ಚಾಗಿದ್ದವಂತೆ. ವೇದಿಕೆಯ ಮೇಲೆ ಇವುಗಳಲ್ಲಿ ಒಂದನ್ನೂ ಯಾರೂ ಕೇಳುತ್ತಿರಲಿಲ್ಲ.

ಸಂದರ್ಶನಗಳ ಧ್ವನಿಮುದ್ರಣವನ್ನು 48 ಕಿಲೋಹರ್ಟ್ಜ್, 24 ಬಿಟ್‌ನ, ಅಂದರೆ ಧ್ವನಿಯನ್ನು ಕುಗ್ಗಿಸದೆ ಪೂರ್ತಿಯಾಗಿ ಉಳಿಸುವ ವೇವ್ ಕಡತಗಳಾಗಿ ಇಟ್ಟಿದ್ದೇವೆ. ಒಂದೇ ಚಾನೆಲ್ಲಿನ ಒಂದು ಗಂಟೆಯ ಮಾತಿಗೆ ಸುಮಾರು 500 ಎಂಬಿ ಜಾಗ ಬೇಕಾಗುತ್ತದೆ; ಎಂಪಿ3 ಚಿಕ್ಕದಾದರೂ ಅದರಲ್ಲಿ ಕಳೆದುಹೋದ ಧ್ವನಿಯನ್ನು ಮತ್ತೆ ಪಡೆಯಲಾಗದು. ಹಳೆಯ ಫೋಟೋಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿಗಳಂತೆ) ಸ್ಕ್ಯಾನ್ ಮಾಡಿ ಟಿಫ್ ಎಂಬ ಚಿತ್ರಕಡತದ ರೂಪದಲ್ಲಿ ಉಳಿಸಿದೆವು, ಮೂಲದ ಹಿಂಬದಿಯಲ್ಲಿ ಬಾಲ್‌ಪೆನ್ ಬಳಸದೆ ಮೃದು ಪೆನ್ಸಿಲಿನಲ್ಲಿ ಸಂಖ್ಯೆ ಬರೆದೆವು. ಎಲ್ಲಕ್ಕೂ ಮೂರು ಪ್ರತಿಗಳಿವೆ, ಅವುಗಳಲ್ಲಿ ಒಂದು ಕಾಲೇಜಿನ ಆವರಣದಿಂದ ಹೊರಗಿದೆ.

ಹುಡುಕಾಟವನ್ನು ಪ್ರತಿ ಸಲ ಮೊದಲಿನಿಂದ ಮಾಡುವ ಕಷ್ಟ ತಪ್ಪಲೆಂದು, ಅಂತಿಮ ವರ್ಷದವರು ಕೊಠಡಿ ಬಿಡುವಾಗ ತುಂಬಿ ಕೊಡಬೇಕಾದ ಒಂದು ಚೀಟಿಯನ್ನು ಈಗ ಸೇರಿಸಿದ್ದೇವೆ. ಅದರಲ್ಲಿ ವಿಳಾಸದ ಜೊತೆಗೆ, ಮುಂದೆ ನಿಮ್ಮ ಪತ್ತೆ ಸಿಗದಿದ್ದರೆ ಯಾರನ್ನು ಕೇಳಬೇಕು ಎಂಬ ಸಾಲಿದೆ. ಪೋಷಕರನ್ನು ಬಿಟ್ಟು ಇಬ್ಬರ ಹೆಸರು ಬರೆಯಬೇಕು. ಬಹುತೇಕ ಎಲ್ಲರೂ ತಮ್ಮ ಕೊಠಡಿಯವರ ಹೆಸರನ್ನೇ ಬರೆಯುತ್ತಾರೆ. ಕೀಲಿಯನ್ನೂ ಚೀಟಿಯನ್ನೂ ಒಟ್ಟಿಗೆ ಒಪ್ಪಿಸಿದ ಮೇಲೆಯೇ ಠೇವಣಿ ಹಣ ವಾಪಸು ಸಿಗುವುದರಿಂದ, ಚೀಟಿ ಕೊಡದೆ ಹೋದವರು ಈವರೆಗೆ ಯಾರೂ ಇಲ್ಲ.