ಐನೂರು ರೂಪಾಯಿ ಅಂತ ಬರೆಸಿದ ಸರಸ್ವತಿ

ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಗೆಸ್ಸೋ ಕೆಲಸ, ಅಂದರೆ ಅಂಟಿನ ಲೇಪದಿಂದ ಎಬ್ಬಿಸುವ ಉಬ್ಬು ಚಿತ್ತಾರ, ಅದರ ಮೇಲೆ ಚಿನ್ನದ ರೇಕು. ಇಂಥ ಚಿತ್ರವನ್ನು ಸುತ್ತಿ ಕೊಳವೆಗೆ ತುಂಬುವ ಹಾಗಿಲ್ಲ, ಗೆಸ್ಸೋ ಬಿರುಕು ಬಿಡುತ್ತದೆ. ಹಲಗೆಯ ಮೇಲೆ ಅಂಟಿಸಿ, ಚೌಕಟ್ಟು ಹಾಕಿ, ಮಟ್ಟಸವಾಗಿಯೇ ಕಳಿಸಬೇಕು.

2018ರಲ್ಲಿ ಪುಣೆಯ ಒಬ್ಬರು ಒಂದು ಸರಸ್ವತಿ ಕೊಂಡರು. ಬೆಲೆ 28,000. ಕೊರಿಯರ್ ಕೌಂಟರಿನ ಹುಡುಗ, "ವ್ಯಾಲ್ಯೂ ಎಷ್ಟು ಹಾಕಲಿ ಮೇಡಂ?" ಅಂದ. ಜಾಸ್ತಿ ಹೇಳಿದರೆ ಚಾರ್ಜೂ ಜಾಸ್ತಿಯಾಗುತ್ತೆ ಅಂತ, "ಸುಮ್ನೆ ಐನೂರು ಹಾಕಪ್ಪ" ಅಂದೆ. ಚಿತ್ರ ಪುಣೆ ಸೇರುವಷ್ಟರಲ್ಲಿ ಗಾಜು ಒಡೆದಿತ್ತು. ಒಡೆದ ಚೂರು ದಾರಿಯುದ್ದಕ್ಕೂ ರೇಕಿನ ಮೇಲೆ ಉಜ್ಜಿತ್ತು. ವೀಣೆಯ ಮೇಲೆ ಉದ್ದಕ್ಕೆ ಒಂದು ಗೀರು, ಸೀರೆಯ ಅಂಚು ಎದ್ದುಹೋಗಿತ್ತು. ಪರಿಹಾರ ಕೇಳಿದರೆ ಅದೇ ಐನೂರನ್ನು ಎತ್ತಿ ತೋರಿಸಿದರು. ಬರೆಸಿದವಳು ನಾನೇ, ಯಾರ ಹತ್ತಿರ ಜಗಳವಾಡಲಿ?

ಮುಂದಿನ ಸಲ ಪೂರ್ತಿ ಬೆಲೆ ಬರೆಸಿದೆ. ಸ್ಲಿಪ್ಪಿನಲ್ಲಿ ಓನರ್ಸ್ ರಿಸ್ಕ್ (ಹಾಳಾದರೆ ಹೊಣೆ ಸಾಮಾನಿನವರದು), ಕ್ಯಾರಿಯರ್ಸ್ ರಿಸ್ಕ್ (ಹೊಣೆ ಸಾಗಿಸುವವರದು) ಅಂತ ಎರಡು ಚೌಕ ಇತ್ತು. ಎರಡನೆಯದಕ್ಕೆ ಟಿಕ್ ಹಾಕಿಸಿ, ರಿಸ್ಕ್ ಚಾರ್ಜ್ ಕಟ್ಟಿ, ಇನ್ಶೂರೆನ್ಸ್ ಆಯಿತು ಅಂದುಕೊಂಡೆ. ಅದು ಇನ್ಶೂರೆನ್ಸ್ ಅಲ್ಲ. ಸಾಗಿಸುವವರೇ ಕೊಡುವ ಮಾತು, ಅವರದೇ ಷರತ್ತು. ಸ್ಲಿಪ್ಪಿನ ಹಿಂಬದಿಯ ಸಣ್ಣ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಿದೆ. ಗಾಜಿನ ಸಾಮಾನು, ಕಲಾಕೃತಿ ಎರಡನ್ನೂ ಹೊರಗಿಟ್ಟಿದ್ದರು. ಪುಣ್ಯಕ್ಕೆ ಆ ಸಲ ಚಿತ್ರ ಸುಖವಾಗಿ ಸೇರಿತು.

ಆಮೇಲೆ ಪರಿಚಯದ ಏಜೆಂಟರೊಬ್ಬರ ಮೂಲಕ ಟ್ರಾನ್ಸಿಟ್ ಪಾಲಿಸಿ, ಅಂದರೆ ಸಾಗಣೆಯ ನಿಜವಾದ ಇನ್ಶೂರೆನ್ಸ್ ಮಾಡಿಸಿದೆ. ಕಾಗದದ ಮೇಲೆ 'ಮರೈನ್' ಅಂತಿತ್ತು. ಮೈಸೂರಿಂದ ಚೆನ್ನೈಗೆ ಲಾರಿಯಲ್ಲಿ ಹೋಗುವ ಚಿತ್ರಕ್ಕೆ ಸಮುದ್ರ ಎಲ್ಲಿಂದ ಬಂತು ಅಂತ ನಕ್ಕೆ. ರಸ್ತೆಯ ಸಾಗಣೆಯನ್ನೂ ಮರೈನ್ ವಿಭಾಗದವರೇ ನೋಡಿಕೊಳ್ಳುತ್ತಾರಂತೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಬಿ ತಗೊಂಡರೆ ಬೆಂಕಿ, ಗಾಡಿ ಡಿಕ್ಕಿ, ಗಾಡಿ ಮಗುಚುವುದು ಇಂಥವಕ್ಕೆ ಮಾತ್ರ ದುಡ್ಡು. ಸಿ ಇನ್ನೂ ಕಮ್ಮಿ. ನಮ್ಮಂಥವರ ಸಾಮಾನು ಕಳುವಾಗುವುದು, ಎತ್ತಿ ಹಾಕುವಾಗ ಜಜ್ಜುವುದೇ ಜಾಸ್ತಿ ಅಲ್ವಾ? ಅದಕ್ಕೆ ಎ ಬೇಕು. ಅದರಲ್ಲೂ ಪ್ಯಾಕಿಂಗ್ ಸರಿಯಿಲ್ಲದೆ ಹಾಳಾದರೆ ಕೊಡುವುದಿಲ್ಲ.

ಪ್ರೀಮಿಯಂ ಕಟ್ಟುವುದು ಸುಲಭ. ಕಷ್ಟ ಇದ್ದದ್ದು ಬೆಲೆಯಲ್ಲಿ. ಟಿವಿಗೆ ಅಂಗಡಿಯ ಬಿಲ್ ಇರುತ್ತದೆ. ನಾನೇ ಬರೆದ ಲಕ್ಷ್ಮಿ 40,000 ಬಾಳುತ್ತಾಳೆ ಅಂತ ಹೇಳುವವರು ಯಾರು? ನನ್ನ ಬಾಯಿಮಾತು ಸಾಲದು. ಆಗಿಂದ ಪ್ರತಿ ಮಾರಾಟಕ್ಕೂ ಬಿಲ್ ಬರೆಯುತ್ತೇನೆ. ಅಳತೆ, ಯಾವ ದೇವರು, ಚಿನ್ನದ ರೇಕು ಎಷ್ಟು, ಎಲ್ಲ ಇರುತ್ತದೆ. ಕೊಂಡವರು ಬ್ಯಾಂಕಿಗೆ ಹಾಕಿದ ಹಣದ ದಾಖಲೆಯನ್ನು ಅದರ ಜೊತೆ ಇಡುತ್ತೇನೆ. ಮಾರಾಟವಾಗದೆ ಪ್ರದರ್ಶನಕ್ಕೆ ಹೋಗುವ ಚಿತ್ರವಾದರೆ, ಅದೇ ಅಳತೆಯ ಹಿಂದಿನ ಮೂರು ಬಿಲ್ ತೋರಿಸಿ, ಬೆಲೆ ಇಷ್ಟು ಅಂತ ಮೊದಲೇ ಒಪ್ಪಿಸಿಕೊಳ್ಳುತ್ತೇನೆ.

ಇಷ್ಟೆಲ್ಲ ತಿಳಿದೂ ಒಮ್ಮೆ ಜಿಪುಣತನ ಮಾಡಿದೆ. ಆ ಲಕ್ಷ್ಮಿಗೆ 20,000ಕ್ಕೆ ಮಾತ್ರ ಇನ್ಶೂರ್ ಮಾಡಿಸಿದೆ. ಪೂರ್ತಿ ಹೋಗಿಬಿಡುತ್ತಾ, ಹೋದರೆ ಅರ್ಧವಾದರೂ ಬರುತ್ತೆ ಅನ್ನೋ ಲೆಕ್ಕ. ಚೆನ್ನೈನಲ್ಲಿ ನೋಡಿದರೆ ಚೌಕಟ್ಟಿನ ಮೂಲೆ ಜಜ್ಜಿ, ಕಿರೀಟದ ಗೆಸ್ಸೋ ಉದುರಿತ್ತು. ರಿಪೇರಿಗೆ 10,000. ಇಪ್ಪತ್ತು ಸಾವಿರದೊಳಗೇ ಇದೆಯಲ್ಲ, ಅಷ್ಟೂ ಕೊಡುತ್ತಾರೆ ಅಂದುಕೊಂಡೆ. ಬಂದದ್ದು 5,000. ಅರ್ಧ ಬೆಲೆಗೆ ಮಾಡಿಸಿದರೆ ಉಳಿದರ್ಧಕ್ಕೆ ನೀವೇ ಇನ್ಶೂರೆನ್ಸ್ ಕಂಪನಿ ಇದ್ದ ಹಾಗೆ, ಸಣ್ಣ ನಷ್ಟದಲ್ಲೂ ನಿಮ್ಮ ಪಾಲು ಅರ್ಧ ಅಂತ ಏಜೆಂಟರು ಬಿಡಿಸಿ ಹೇಳಿದರು. ನಾನು ಉಳಿಸಿದ್ದ ಪ್ರೀಮಿಯಂ ಎರಡು ಮಸಾಲೆ ದೋಸೆಯ ದುಡ್ಡು.

ಆ ಐದು ಸಾವಿರವಾದರೂ ಬಂದದ್ದು ಕೊಂಡವರ ಜಾಣತನದಿಂದ. ಡಬ್ಬ ತಂದ ಹುಡುಗ ಅವಸರ ಮಾಡಿದರೂ ಅವರು ಸ್ಲಿಪ್ಪಿನ ಮೇಲೆ ಮೂಲೆ ಜಜ್ಜಿದೆ ಅಂತ ಬರೆದೇ ಸಹಿ ಹಾಕಿದ್ದರು. ಡಬ್ಬ ಬಿಚ್ಚುವುದನ್ನು ಫೋನಿನಲ್ಲಿ ಹಿಡಿದಿದ್ದರು. ಸುಮ್ಮನೆ ಸಹಿ ಹಾಕಿದ್ದರೆ 'ಸರಿಯಾಗಿ ತಲುಪಿದೆ' ಅಂತಲೇ ಅರ್ಥ. ನಾನೂ ಅವತ್ತೇ ಸಾಗಿಸಿದವರಿಗೆ ನಷ್ಟದ ನೋಟಿಸ್ ಕಳಿಸಿದೆ. ರಸ್ತೆ ಸಾಗಣೆಯ 2007ರ ಕಾನೂನಿನಲ್ಲಿ ಬುಕ್ ಮಾಡಿದ ದಿನದಿಂದ 180 ದಿನ ಗಡುವಿದೆ, ಆದರೆ ಸ್ಲಿಪ್ಪಿನ ಷರತ್ತು ಅಷ್ಟು ದಿನ ಕಾಯುವುದಿಲ್ಲ. ಇನ್ಶೂರೆನ್ಸಿನವರು ನಮಗೆ ಕೊಟ್ಟ ದುಡ್ಡನ್ನು ಆಮೇಲೆ ಸಾಗಿಸಿದವರಿಂದ ವಸೂಲಿ ಮಾಡುವ ಹಕ್ಕು ಇಟ್ಟುಕೊಳ್ಳುತ್ತಾರೆ. ನೋಟಿಸ್ ಇಲ್ಲದಿದ್ದರೆ ಅವರ ದಾರಿಯೂ ಮುಚ್ಚಿತು, ನಮ್ಮ ಕ್ಲೇಮಿಗೂ ಕತ್ತರಿ.

ಈಗ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕುತ್ತೇನೆ. ಚಿತ್ರದ ಮೇಲೆ ಬಟರ್ ಪೇಪರ್, ನಾಲ್ಕು ಮೂಲೆಗೆ ದಪ್ಪ ಫೋಮ್, ಹಿಂದೆ ಮುಂದೆ ಪ್ಲೈವುಡ್. ಒಂದೊಂದು ಹಂತಕ್ಕೂ ಫೋಟೋ. ಕೊನೆಯದು ತಕ್ಕಡಿಯ ಮೇಲೆ, ತೂಕ ಕಾಣುವ ಹಾಗೆ.

ಚಿಕ್ಕ ಚಿತ್ರಗಳು ಇನ್ಶೂರ್ಡ್ ಪಾರ್ಸೆಲ್ ಆಗಿ ಅಂಚೆಯಲ್ಲೇ ಹೋಗುತ್ತವೆ. ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗು ಕಾಯಿಸಿ ಮುದ್ರೆ ಒತ್ತಬೇಕಿತ್ತು. ಮೊದಲ ಸಲ ನಾನು ಐದು ರೂಪಾಯಿ ನಾಣ್ಯ ಒತ್ತಿಕೊಂಡು ಹೋಗಿದ್ದೆ. ಕೌಂಟರಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಇದು ಎಲ್ಲರ ಜೇಬಲ್ಲೂ ಇರುತ್ತಲ್ಲಮ್ಮಾ. ಒಬ್ಬ ಕಿತ್ತು ಇನ್ನೊಂದು ಒತ್ತಿದರೆ ಗೊತ್ತಾಗುತ್ತಾ? ನಿಂದೇ ಒಂದು ಗುರುತು ಮಾಡಿಸ್ಕೊ" ಅಂದು ವಾಪಸ್ ಕಳಿಸಿದರು. ಹಿತ್ತಾಳೆಯದೊಂದು ಮಾಡಿಸಿದೆ. ಚಿತ್ರದ ಕೆಳಗೆ ಸಹಿ ಮಾಡುವ ಅದೇ 'ವಿ' ಅಕ್ಷರ, ಸುತ್ತ ಒಂದು ಬಳ್ಳಿ.