ಲಗ್ನಪತ್ರಿಕೆ ನೆನೆಸಿ ಶುಭಾಶಯ ಕಾರ್ಡ್

ರದ್ದಿ ಕಾಗದದಿಂದ ಕಾರ್ಡ್ ಮಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಹೂವಿನ ದಳ ಹೇಗೆ ಕೂರಿಸುತ್ತೀರಿ ಅಂತ. ನನಗೆ ಅದಕ್ಕಿಂತ ಮುಖ್ಯ ಎರಡು ವಿಷಯ. ಮಡಚಿದರೆ ಬಿರುಕು ಬಿಡಬಾರದು, ಬರೆದರೆ ಇಂಕು ಹರಡಬಾರದು. ಕಾರ್ಡ್ ಕೊಡುವುದೇ ಒಳಗೆ ನಾಲ್ಕು ಮಾತು ಬರೆಯೋಕೆ ಅಲ್ವಾ?

ಕಾಗದ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ನ್ಯೂಸ್‌ಪೇಪರ್ ನಾನು ಮುಟ್ಟುವುದಿಲ್ಲ. ಮರವನ್ನು ಹಾಗೇ ಅರೆದು ಮಾಡಿದ ಕಾಗದ ಅದು, ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಅನ್ನೋ ವಸ್ತು ಅದರಲ್ಲೇ ಉಳಿದಿರುತ್ತದೆ, ಬಿಸಿಲು ಬಿದ್ದರೆ ಬೇಗ ಹಳದಿಯಾಗುತ್ತದೆ. ಅಂಗಡಿ ಬಿಲ್ಲು, ಎಟಿಎಂ ಚೀಟಿಗಳೂ ಬೇಡ, ಅವುಗಳ ಮೇಲೆ ರಾಸಾಯನಿಕದ ಲೇಪ ಇರುತ್ತದೆ. ಒಳ್ಳೆಯದು ಅಂದರೆ ಮಕ್ಕಳ ಹಳೆ ನೋಟ್‌ಬುಕ್, ಒಂದು ಬದಿ ಪ್ರಿಂಟಾದ ಹಾಳೆ, ಮತ್ತೆ ಲಗ್ನಪತ್ರಿಕೆ. ಮದುವೆ ಸೀಸನ್ ಮುಗಿದರೆ ಪ್ರತಿ ಮನೆಯಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ. ಮೂಲೆ ಹರಿದು ನೋಡಿ: ಪ್ಲಾಸ್ಟಿಕ್ ಪೊರೆ ಎಳೆದುಕೊಂಡು ಬಂದರೆ ಅದು ನೀರಲ್ಲಿ ಕರಗುವುದಿಲ್ಲ, ಪಕ್ಕಕ್ಕಿಡಿ. ಚಿನ್ನದ ಬಣ್ಣದ ಅಕ್ಷರಗಳು ಇದ್ದರೆ ಪರವಾಗಿಲ್ಲ, ಚೂರು ಚೂರಾಗಿ ಹೊಸ ಹಾಳೆಯಲ್ಲಿ ಅಲ್ಲಲ್ಲಿ ಹೊಳೆಯುತ್ತವೆ, ನನಗೆ ಅದು ತುಂಬಾ ಇಷ್ಟ. ಗಣಪತಿ ಚಿತ್ರ ಇರುವ ಭಾಗ ಮಾತ್ರ ಕತ್ತರಿಸಿ ಎತ್ತಿಡುತ್ತೇನೆ, ಮಿಕ್ಸಿಗೆ ಹಾಕೋಕೆ ಮನಸ್ಸು ಬರುವುದಿಲ್ಲ.

ಒಂದು ಸಲ ಕಾಗದವಾದ ನಾರು ಮತ್ತೆ ಅರೆದಾಗ ಇನ್ನಷ್ಟು ಗಿಡ್ಡವಾಗುತ್ತದೆ. ಬರೀ ರದ್ದಿಯಿಂದ ಮಾಡಿದ ದಪ್ಪ ಹಾಳೆ ಮಡಚಿದ ಕಡೆ ಒಡೆಯುವುದು ಇದಕ್ಕೇ. ಜೈಪುರದ ಹತ್ತಿರ ಸಾಂಗಾನೇರ್‌ನಲ್ಲಿ ತಲೆಮಾರುಗಳಿಂದ ಕಾಗದ ಮಾಡುವ ಕಾಗ್ಜಿ ಮನೆತನದವರು ಹತ್ತಿ ಬಟ್ಟೆಯ ಚಿಂದಿ ಬಳಸುತ್ತಾರೆ. ಹತ್ತಿಯ ನಾರು ಉದ್ದ, ಲಿಗ್ನಿನ್ ಕಾಟವೂ ಇಲ್ಲ. ಆದರೆ ಚಿಂದಿಯನ್ನು ಅರೆಯೋಕೆ ದೊಡ್ಡ ಯಂತ್ರ ಬೇಕು, ಮನೆ ಮಿಕ್ಸಿಯಿಂದ ಆಗದು. ಹಾಗಾಗಿ ನಾನು ಬಾಳೆಪಟ್ಟೆ ಸೇರಿಸುತ್ತೇನೆ. ಅರ್ಧ ಇಂಚಿನ ತುಂಡು ಮಾಡಬೇಕು, ಉದ್ದ ಬಿಟ್ಟರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಎರಡು ಮೂರು ಗಂಟೆ ಬೇಯಿಸಿ, ಬೆರಳಲ್ಲಿ ಹಿಸುಕಿದರೆ ಎಳೆ ಎಳೆಯಾಗಿ ಬಿಡಿಸಿಕೊಳ್ಳಬೇಕು, ಆಮೇಲೆ ನೀರು ತಿಳಿಯಾಗುವವರೆಗೆ ತೊಳೆಯುವುದು. ಸ್ಟೀಲ್ ಪಾತ್ರೆಯೇ ಇರಲಿ, ಸೋಡಾ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಐದು ಪಾಲು ಕಾಗದಕ್ಕೆ ಒಂದು ಪಾಲು ಬಾಳೆನಾರು ಸಾಕು.

ಇನ್ನು ದಪ್ಪದ ಲೆಕ್ಕ. ಸುಮ್ನೆ ಅಂದಾಜಿಗೆ ಬಿಟ್ಟರೆ ಒಂದು ಹಾಳೆ ತೆಳು, ಇನ್ನೊಂದು ರೊಟ್ಟಿಯಷ್ಟು ದಪ್ಪ ಬರುತ್ತದೆ. ಎ5 ಹಾಳೆ ಒಂದು ಚದರ ಮೀಟರಿನ 32ನೇ ಒಂದು ಭಾಗ. ಕಾರ್ಡಿಗೆ 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವಷ್ಟು ದಪ್ಪ ಬೇಕು ಅಂದರೆ ಒಂದು ಹಾಳೆಗೆ 6.25 ಗ್ರಾಂ ಒಣ ಸಾಮಗ್ರಿ, ಅಂದರೆ 80 ಜಿಎಸ್‌ಎಂನ ಒಂದೂಕಾಲು ಎ4 ಹಾಳೆ. ನಾನು ಒಣಗಿದಾಗಲೇ ತೂಗಿ, ರಾತ್ರಿಯಿಡೀ ನೆನೆಸಿ, ಮಾರನೇ ದಿನ ಜಾರಿನ ಮುಕ್ಕಾಲು ಭಾಗ ನೀರು ಹಾಕಿ ಅರೆಯುತ್ತೇನೆ. ಈ ಕೆಲಸಕ್ಕೇ ಒಂದು ಹಳೆ ಜಾರು ಬೇರೆ ಇಡಿ.

ಚೌಕಟ್ಟಿಗೆ ಒಂದೇ ಅಳತೆಯ ಎರಡು ಮರದ ಫೋಟೋ ಫ್ರೇಮ್ ಸಾಕು. ಒಂದಕ್ಕೆ ಸೊಳ್ಳೆ ಪರದೆಯ ನೈಲಾನ್ ಜಾಲರಿ ಬಿಗಿಯಾಗಿ ಹೊಡೆಯಬೇಕು, ಇನ್ನೊಂದನ್ನು ಖಾಲಿಯಾಗಿ ಅದರ ಮೇಲೆ ಇಟ್ಟು ಹಿಡಿಯಬೇಕು. ಮೇಲಿನದು ಎತ್ತರವಿದ್ದಷ್ಟೂ ಒಳ್ಳೆಯದು. ಎರಡನ್ನೂ ಸೇರಿಸಿ ಟಬ್ಬಿನ ನೀರಲ್ಲಿ ಅರ್ಧ ಮುಳುಗಿಸಿ, ಒಂದು ಹಾಳೆಯ ಅಳತೆಯ ತಿರುಳನ್ನು ಒಳಗೆ ಸುರಿದು, ಬೆರಳಲ್ಲಿ ಮೆಲ್ಲಗೆ ಕಲಕಿ, ಮಟ್ಟವಾಗಿ ಮೇಲೆತ್ತುವುದು. ನೀರು ಇಳಿಯುವ ಮುಂಚೆ ಎಡಕ್ಕೂ ಬಲಕ್ಕೂ, ಮುಂದಕ್ಕೂ ಹಿಂದಕ್ಕೂ ಸಣ್ಣಗೆ ಅಲುಗಿಸಬೇಕು. ನಾರು ಒಂದರೊಳಗೊಂದು ಹೆಣೆದುಕೊಳ್ಳುವುದು ಆ ಎರಡು ಮೂರು ಸೆಕೆಂಡಿನಲ್ಲೇ. ನೀರು ಇಳಿದ ಮೇಲೆ ಅಲುಗಿಸಿದರೆ ಹಾಳೆ ಹರಿಯುತ್ತದೆ.

ಮೇಲಿನ ಖಾಲಿ ಫ್ರೇಮ್ ತೆಗೆದು, ಜಾಲರಿಯನ್ನು ಒದ್ದೆ ಪಂಚೆ ಬಟ್ಟೆಯ ಮೇಲೆ ಮಗುಚಿ, ಜಾಲರಿಯ ಹಿಂದಿನಿಂದ ಸ್ಪಂಜಲ್ಲಿ ಒತ್ತಿ ನೀರು ಹೀರಿಸಿದರೆ ಹಾಳೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ದಳ ಹಾಕುವುದಾದರೆ ಈಗಲೇ. ದಾಸವಾಳ ಬೇಡ, ಅದರ ಬಣ್ಣ ಸುತ್ತಲೂ ಇಳಿಯುತ್ತದೆ. ಒಣಗಿದ ಚೆಂಡುಹೂವಿನ ದಳ ಚೆನ್ನಾಗಿ ಕೂರುತ್ತದೆ. ಹಾಳೆಗಳನ್ನು ಬಟ್ಟೆ ಸಮೇತ ಒಂದರ ಮೇಲೊಂದು ಪೇರಿಸಿ ಎರಡು ಮಣೆಗಳ ನಡುವೆ ಇಟ್ಟು ಮೇಲೆ ಗುಂಡುಕಲ್ಲು ಹೇರಿ. ಒತ್ತಡ ಜಾಸ್ತಿಯಾದಷ್ಟೂ ಕಾಗದ ಗಟ್ಟಿ. ಆಮೇಲೆ ನೆರಳಲ್ಲಿ ಒಣಗಲಿ.

ಇಷ್ಟಕ್ಕೇ ಬಿಟ್ಟರೆ ಅದು ಇಂಕು ಹೀರುವ ಒತ್ತು ಕಾಗದ. ಕಾಟನ್ ಸೀರೆಗೆ ಹಾಕುವ ಸಬ್ಬಕ್ಕಿ ಗಂಜಿಯನ್ನು ತುಂಬಾ ತೆಳ್ಳಗೆ ಮಾಡಿ, ಸೋಸಿ, ಪೂರ್ತಿ ಒಣಗಿದ ಹಾಳೆಯ ಎರಡೂ ಬದಿಗೆ ಅಗಲ ಬ್ರಷ್‌ನಲ್ಲಿ ಹಚ್ಚುತ್ತೇನೆ. ಹೆಚ್ಚು ಉಜ್ಜಿದರೆ ನಾರು ಎದ್ದು ಬರುತ್ತದೆ, ಒಂದೇ ಎಳೆತದಲ್ಲಿ ಹೋಗಬೇಕು. ಅದು ಒಣಗಿದ ಮೇಲೆ ಬಟ್ಟೆ ಮುಚ್ಚಿ ಇಸ್ತ್ರಿ. ಆಗ ಜೆಲ್ ಪೆನ್ನಿನ ಗೆರೆಯೂ ನೇರ ನಿಲ್ಲುತ್ತದೆ. ಗಂಜಿ ಇರುವುದರಿಂದ ಹುಳ ಬರಬಹುದು, ಮಳೆಗಾಲದಲ್ಲಿ ಬೂಷ್ಟು ಕೂಡ, ಡಬ್ಬಿಯಲ್ಲಿ ಮುಚ್ಚಿಡಬೇಕು.

ಮಡಚುವ ಮುಂಚೆ ಸ್ಕೇಲ್ ಇಟ್ಟು, ಬರೆಯದ ಬಾಲ್‌ಪೆನ್ನಿನ ಮೊನೆಯಲ್ಲಿ ಮಧ್ಯೆ ಒಂದು ಗೆರೆ ಒತ್ತಿ ಎಳೆಯಿರಿ, ಮಡಿಕೆ ನೀಟಾಗಿ ಬರುತ್ತದೆ. ಟಬ್ಬಿನಲ್ಲಿ ಉಳಿದ ನೀರನ್ನು ಮಾತ್ರ ಸಿಂಕಿಗೆ ಚೆಲ್ಲಬೇಡಿ, ತಿರುಳು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಸಿಕ್ಕಿದ್ದನ್ನು ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿಟ್ಟರೆ ಮುಂದಿನ ಸಲ ನೆನೆಸಿ ಬಳಸಬಹುದು.