ನಾಲ್ಕೂ ಚಕ್ರಕ್ಕೆ ಒಂದೇ ಅಳತೆ: ನನ್ನ ಡಸ್ಟರ್ ಅನುಭವ

ಬೆಳಗಾವಿಯಿಂದ ಜಾಂಬೋಟಿ ಕಡೆ ನಮ್ಮ ತೋಟಕ್ಕೆ ವಾರಕ್ಕೆರಡು ಸಲ ಹೋಗುತ್ತೇನೆ. ಮಳೆಗಾಲದಲ್ಲಿ ಡಾಂಬರು ಮುಗಿದ ಮೇಲೆ ಬರೀ ಕೆಂಪು ರಾಡಿ. ಅದಕ್ಕೆಂದೇ ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ರೆನೋ ಡಸ್ಟರ್ ಕಾರು ತಗೊಂಡಿದ್ದು.

ಒಂದು ಜುಲೈನಲ್ಲಿ ಕಣಕುಂಬಿ ಹತ್ತಿರ ಚೂಪು ಕಲ್ಲು ತಾಗಿ ಹಿಂದಿನ ಟೈರಿನ ಮಗ್ಗುಲು ಸೀಳಿತು. ಮಗ್ಗುಲು ಹೋದರೆ ಪ್ಯಾಚ್ ಹಾಕುವ ಹಾಗಿಲ್ಲ. ಟೈರ್ ಅಂಗಡಿಯವರು, "ಎರಡ ಹೊಸಾವು ಹಾಕ್ಸ್ರಿ ಸರ, ಹಿಂದ ಕೂಡ್ಸೋಣು. ಮುಂದಿನವು ಇನ್ನಾ ಒಂದ್ ವರ್ಷ ನಡೀತಾವ" ಅಂದರು. ಮಾಮೂಲಿ ಕಾರಿಗೆ ಅದು ಸರಿಯಾದ ಮಾತೇ. ಹಿಂದೆ ಒಳ್ಳೆ ಗ್ರಿಪ್ ಇದ್ದರೆ ಒದ್ದೆ ರಸ್ತೆಯಲ್ಲಿ ಗಾಡಿ ಬಾಲ ಬೀಸುವುದಿಲ್ಲ. ನಮ್ಮ ಹಳೆ ಕಂಪನಿಯ ಟೈರ್ ಅವರಲ್ಲಿರಲಿಲ್ಲ, ಬೇರೆ ಕಂಪನಿಯದು ಹಾಕಿಸಿದೆ. ಸೈಜ್ ಅದೇ, 215/65 ಆರ್ 16.

ಎರಡು ವಾರ ಕಳೆದವು. ಗಾಡಿ ಆಟೋ ಮೋಡ್‌ನಲ್ಲಿತ್ತು, ಅಂದರೆ ಮುಂದಿನ ಚಕ್ರ ಜಾರಿದರೆ ಗಾಡಿ ತಾನೇ ಹಿಂದಿನದಕ್ಕೂ ಶಕ್ತಿ ಕೊಡುತ್ತದೆ. ಹೊರಳಿಸಿ ನಿಲ್ಲಿಸುವಾಗ ಹಿಂದಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ ಆಗತೊಡಗಿತು. ಒಂದು ದಿನ ಗೋವಾ ಕಡೆಯಿಂದ ಚೋರ್ಲಾ ಘಾಟ್ ಹತ್ತಿ ಬರುವಾಗ ಫೋರ್ ವೀಲ್ ದೀಪ ಮಿಣುಕಿತು. ಕೂಡಲೇ ಗುಂಡಿಯನ್ನು ಟೂ ವೀಲ್‌ಗೆ (ಮುಂದಿನ ಎರಡೇ ಚಕ್ರ ಎಳೆಯುವ ಹಾಗೆ) ತಿರುಗಿಸಿ ಮನೆ ಸೇರಿದೆ. ಗೇರ್ ಬಾಕ್ಸೇ ಹೋಯಿತೇನೋ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಉದ್ಯಮಬಾಗದಲ್ಲಿ ನಾನು ನಂಬುವ ಮೆಕ್ಯಾನಿಕ್ ಕಾಕಾ ಒಬ್ಬರಿದ್ದಾರೆ. ಬಾನೆಟ್ ಎತ್ತುವ ಮೊದಲೇ ಚಕ್ರದ ಹತ್ತಿರ ಕೂತರು. "ಗೇರಿಂದಲ್ರಿ ಇದು. ಮುಂದ ಒಂದ ಥರ, ಹಿಂದ ಒಂದ ಥರ ಆಗೇತಿ. ಅಳದ ನೋಡ್ರಿ."

ಅಳೆದೆ. ಮೊದಲು ಗ್ರಿಪ್ ಆಳ, ಅಂದರೆ ಟೈರಿನ ಮೇಲಿನ ಗೀರುಗಳ ಆಳ: ಹಿಂದಿನವು 8 ಮಿ.ಮೀ., ಮುಂದಿನವು 4. ವ್ಯತ್ಯಾಸ 4 ಮಿ.ಮೀ. ಅಷ್ಟೇ ಅಲ್ವಾ ಅನಿಸುತ್ತದೆ. ಆದರೆ ಟೈರಿನ ಸುತ್ತಲೂ 4 ಮಿ.ಮೀ. ಸವೆದರೆ ವ್ಯಾಸದಲ್ಲಿ 8 ಮಿ.ಮೀ. ಕಡಿಮೆ. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆಯಲ್ಲಿ ಹೆಚ್ಚು ಕಡಿಮೆ 25 ಮಿ.ಮೀ.

ಲೆಕ್ಕ ಸಾಕಾಗಲಿಲ್ಲ, ಗಾಡಿಯ ಭಾರ ಬಿದ್ದಾಗ ಟೈರ್ ಉರುಳುವುದನ್ನೇ ನೋಡಬೇಕಿತ್ತು. ತಮ್ಮನ ಬೆಲ್ಲದ ಗೋದಾಮಿನ ಮುಂದೆ ಉದ್ದನೆಯ ಸಿಮೆಂಟ್ ಅಂಗಳವಿದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ನಾಲ್ಕಕ್ಕೂ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿದೆ. ಟೈರು ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿದೆ. ತಮ್ಮ ನ್ಯೂಟ್ರಲ್‌ನಲ್ಲಿಟ್ಟು ಸ್ಟೀರಿಂಗ್ ನೇರ ಹಿಡಿದ. ಹುಡುಗರು ಮೆಲ್ಲಗೆ ನೂಕಿದರು. ಚಕ್ರ 10 ಸುತ್ತು ಮುಗಿಸಿದಲ್ಲಿ ನೆಲಕ್ಕೆ ಗುರುತು ಹಾಕಿ ಟೇಪ್ ಹಿಡಿದೆ. ಒಂದು ಸುತ್ತಿನಲ್ಲಿ ಗುರುತು ಆಚೀಚೆ ಆದರೆ ಗೊತ್ತಾಗುವುದಿಲ್ಲ, ಅದಕ್ಕೆ 10. ಹಿಂದಿನ ಚಕ್ರ 21 ಮೀ. 3 ಸೆಂ.ಮೀ. ಹೋಗಿತ್ತು. ಮುಂದಿನದು 20 ಮೀ. 80 ಸೆಂ.ಮೀ.

ಅಂದರೆ ಒಂದು ಸುತ್ತಿಗೆ 23 ಮಿ.ಮೀ. ವ್ಯತ್ಯಾಸ. ಜಪಾನಿನ ಸುಬಾರು ಕಾರು ಕಂಪನಿ ತನ್ನ ಆಲ್ ವೀಲ್ ಡ್ರೈವ್ ಗಾಡಿಗಳಿಗೆ ಹೇಳುವ ಮಿತಿ ಕಾಲು ಇಂಚು, ಅಂದರೆ 6 ಮಿ.ಮೀ. ಚಿಲ್ಲರೆ. ನನ್ನದು ಅದರ ನಾಲ್ಕು ಪಟ್ಟಿನ ಹತ್ತಿರ! ನೇರ ರಸ್ತೆಯಲ್ಲೂ ಮುಂದಿನ ಚಕ್ರ ಕಿಲೋಮೀಟರಿಗೆ ಸುಮಾರು 5 ಸುತ್ತು ಜಾಸ್ತಿ ತಿರುಗುತ್ತಿತ್ತು. ಗಾಡಿಯ ಕಂಪ್ಯೂಟರಿಗೆ ಟೈರ್ ಸವೆದಿದೆ ಅಂತ ಹೇಗೆ ಗೊತ್ತಾಗಬೇಕು? ಮುಂದಿನ ಚಕ್ರ ಜಾರುತ್ತಿದೆ ಅಂದುಕೊಂಡು ಹಿಂದಿನದಕ್ಕೆ ಶಕ್ತಿ ಕಳಿಸುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಜೋಡಿಸುವ ನಡುವಿನ ಕಪ್ಲಿಂಗ್‌ನಲ್ಲಿ ಕ್ಲಚ್ ಪ್ಲೇಟುಗಳಿವೆ. ಅವು ಬಿಡುವಿಲ್ಲದೆ ಉಜ್ಜಿ ಉಜ್ಜಿ ಕಾಯುತ್ತವೆ. ರಾಡಿಯಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ಎಳೆತ ಸಡಿಲವಾಗುತ್ತದೆ. ಒಣ ಡಾಂಬರಿನಲ್ಲಿ ಹಾಗಾಗುವುದಿಲ್ಲ.

ಹಿಂದಿನ ಎರಡು ಹೊಸ ಟೈರಿನದೇ ಕಂಪನಿ, ಅದೇ ಮಾದರಿಯ ಇನ್ನೆರಡು ತರಿಸಿ ಮುಂದೆ ಹಾಕಿಸಿದೆ. ಹಳೆಯ ಎರಡರಲ್ಲಿ ಒಂದನ್ನು ಭಾವನ ಟೂ ವೀಲ್ ಡಸ್ಟರಿನ ಸ್ಟೆಪ್ನಿಗೆ ಕೊಟ್ಟೆ. ಮತ್ತೆ ಅದೇ ಅಂಗಳ, ಅದೇ ಸೀಮೆಸುಣ್ಣ. ಈ ಸಲ 10 ಸುತ್ತಿಗೆ 2 ಸೆಂ.ಮೀ. ವ್ಯತ್ಯಾಸವೂ ಬರಲಿಲ್ಲ. ಕಾಕಾ ಹಿಂದಿನ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರು) ಆಯಿಲ್ ಬದಲಿಸಿದರು. ಕಪ್ಲಿಂಗ್ ಉಳಿದಿತ್ತು. ದೀಪ ಆಮೇಲೆ ಮಿಣುಕಿಲ್ಲ.

ಹಳೆ ಥರದ ಫೋರ್ ಬೈ ಫೋರ್ ಜೀಪು ಇರುವವರು ಡಾಂಬರಿನಲ್ಲಿ ಹೇಗೂ ಟೂ ವೀಲ್‌ನಲ್ಲೇ ಓಡಿಸುತ್ತಾರೆ, ಅವರಿಗೆ ಈ ಕಾಟ ಅಷ್ಟಿಲ್ಲ. ನಮ್ಮಂಥ ಆಟೋ ಗಾಡಿಯವರು ಸೈಜ್ ಒಂದೇ ಇದೆ ಅಂತ ಸುಮ್ನೆ ಇರಬೇಡಿ. ಒಂದೇ ಸೈಜ್ ಬರೆದಿದ್ದರೂ ಎರಡು ಕಂಪನಿಯ ಹೊಸ ಟೈರುಗಳ ನಿಜವಾದ ಅಳತೆಯಲ್ಲೇ ವ್ಯತ್ಯಾಸ ಇರುತ್ತದೆ.

ಈಗ 8,000 ಕಿ.ಮೀ.ಗೊಮ್ಮೆ ಮುಂದಿನವು ಹಿಂದೆ, ಹಿಂದಿನವು ಮುಂದೆ ಮಾಡಿಸುತ್ತೇನೆ. ಉಳಿದ ಹಳೆ ಟೈರೇ ನನ್ನ ಸ್ಟೆಪ್ನಿ. ಅದನ್ನು ಹಾಕುವ ಪ್ರಸಂಗ ಬಂದರೆ ಮೊದಲು ಗುಂಡಿಯನ್ನು ಟೂ ವೀಲ್‌ಗೆ ತಿರುಗಿಸುತ್ತೇನೆ, ಪಂಕ್ಚರ್ ಅಂಗಡಿ ತನಕ ನಿಧಾನಕ್ಕೆ ಹೋಗುತ್ತೇನೆ.